ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್‌ಗಳನ್ನು ಆಪ್ಟ್‌ನಿಂದಲೇ ಹಾಕುವುದು

ಶಾಲೆಯ ಲ್ಯಾಬ್, ಗ್ರಂಥಾಲಯ, ಮನೆಮಂದಿಗೆಲ್ಲ ಒಂದೇ ಡೆಸ್ಕ್‌ಟಾಪ್ ಇರುವ ಮನೆ: ಇಂಥ ಕಡೆ ಪ್ರತಿಯೊಬ್ಬರ ಲಾಗಿನ್‌ಗೂ ಹೋಗಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಹಾಕುತ್ತ ಕೂರುವುದು ದಂಡದ ಕೆಲಸ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಕೆಲವು ಎಕ್ಸ್‌ಟೆನ್ಶನ್‌ಗಳು ಪ್ಯಾಕೇಜ್ ಆಗಿಯೇ, ಅಂದರೆ ಆಪ್ಟ್ ಎಂಬ ಕಮಾಂಡ್‌ನಿಂದ ಹಾಕುವ ಸಾಫ್ಟ್‌ವೇರ್ ಕಟ್ಟಾಗಿಯೇ, ಸಿಗುತ್ತವೆ. ಅಡ್ಮಿನ್ ಒಮ್ಮೆ ಹಾಕಿದರೆ ಆ ಯಂತ್ರದ ಎಲ್ಲ ಬಳಕೆದಾರರಿಗೂ ಬಂತು. ಬೇಡದವರು ತಮ್ಮ ಮಟ್ಟಿಗೆ ಆಫ್ ಮಾಡಿಕೊಳ್ಳಬಹುದು, ಕಿತ್ತುಹಾಕಲು ಆಗುವುದಿಲ್ಲ.

ಮೊದಲು ನಿಮ್ಮಲ್ಲಿರುವುದು ಯಾವ ಫೈರ್‌ಫಾಕ್ಸ್ ಎಂದು ನೋಡಿ. ಈ ವಿಧಾನ ಕೈಕೊಡುವುದು ಹೆಚ್ಚಾಗಿ ಇಲ್ಲೇ. ವಿಳಾಸಪಟ್ಟಿಯಲ್ಲಿ 'ಅಬೌಟ್:ಸಪೋರ್ಟ್' ಎಂದು ಇಂಗ್ಲಿಷ್‌ನಲ್ಲಿ ಕೊಟ್ಟು ತೆರೆಯುವ ಪುಟದಲ್ಲಿ 'ಅಪ್ಲಿಕೇಶನ್ ಬೈನರಿ' ಎಂಬ ಸಾಲು ಹುಡುಕಿ. ಅಲ್ಲಿರುವ ದಾರಿ '/ಯುಎಸ್ಆರ್/ಲಿಬ್/ಫೈರ್‌ಫಾಕ್ಸ್-ಇಎಸ್ಆರ್' ಎಂದು ಶುರುವಾದರೆ ಅದು ಡೆಬಿಯನ್ನಿನದೇ ಫೈರ್‌ಫಾಕ್ಸ್, ಮುಂದುವರಿಯಬಹುದು. '/ಸ್ನ್ಯಾಪ್' ಎಂದಿದ್ದರೆ ಅದು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಸ್ನ್ಯಾಪ್, ಬೇರೆ ಬಗೆಯ ಪ್ಯಾಕೇಜ್. 22.04 ಆವೃತ್ತಿಯಿಂದ ಈಚೆಗೆ ಉಬುಂಟುವಿನಲ್ಲಿ ಆಪ್ಟ್‌ನಿಂದ ಫೈರ್‌ಫಾಕ್ಸ್ ಹಾಕಿದರೂ ಹಿಂದಿನಿಂದ ಬರುವುದು ಸ್ನ್ಯಾಪೇ. ಸ್ನ್ಯಾಪ್ ಮತ್ತು ಅದರಂಥದೇ ಫ್ಲ್ಯಾಟ್‌ಪ್ಯಾಕ್ ಎರಡೂ ತಮ್ಮದೇ ಬೇಲಿಯೊಳಗೆ ಓಡುವುದರಿಂದ ಸಿಸ್ಟಮ್‌ನ ಎಕ್ಸ್‌ಟೆನ್ಶನ್ ಫೋಲ್ಡರ್ ಅವಕ್ಕೆ ಕಾಣುವುದಿಲ್ಲ. ಪ್ಯಾಕೇಜ್ ಸರಿಯಾಗಿಯೇ ಇನ್‌ಸ್ಟಾಲ್ ಆಗುತ್ತದೆ, ಯಾವ ದೋಷವೂ ತೋರುವುದಿಲ್ಲ, ಬ್ರೌಸರ್‌ನಲ್ಲಿ ಮಾತ್ರ ಏನೂ ಇರುವುದಿಲ್ಲ.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ನೇರವಾಗಿ ಕೊಡುವ ಫೈರ್‌ಫಾಕ್ಸ್‌ನ ತೊಡಕು ಬೇರೆ. ಅದು ಮೊಜಿಲ್ಲಾದ ಡಿಜಿಟಲ್ ಸಹಿ ಇಲ್ಲದ ಎಕ್ಸ್‌ಟೆನ್ಶನ್‌ಗಳನ್ನು ಒಪ್ಪುವುದಿಲ್ಲ. ಡೆಬಿಯನ್ ತನ್ನ ಪ್ಯಾಕೇಜ್‌ಗಳನ್ನು ಮೂಲ ಕೋಡ್‌ನಿಂದ ತಾನೇ ಕಟ್ಟುವುದರಿಂದ ಅವುಗಳಲ್ಲಿ ಆ ಸಹಿ ಇರುವುದಿಲ್ಲ. ಸಿಸ್ಟಮ್ ಫೋಲ್ಡರ್‌ನಲ್ಲಿರುವುದಕ್ಕೆ ಸಹಿ ಕೇಳಬೇಡ ಎಂದು ತನ್ನ ಫೈರ್‌ಫಾಕ್ಸ್‌ಗೆ ಪ್ಯಾಚ್ (ಕೋಡ್‌ನಲ್ಲಿ ಸಣ್ಣ ತಿದ್ದುಪಡಿ) ಹಾಕಿಕೊಂಡಿದೆ.

ಇನ್ನು ಕೆಲಸಕ್ಕೆ. ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಮೊದಲು ಪಟ್ಟಿ ತಾಜಾ ಮಾಡಿ:

ಸುಡೊ ಆಪ್ಟ್ ಅಪ್‌ಡೇಟ್

ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ವೆಬ್‌ಎಕ್ಸ್ಟ್-' ಎಂದು ಬರೆದು, ಎಂಟರ್ ಒತ್ತದೆ ಟ್ಯಾಬ್ ಕೀಯನ್ನು ಎರಡು ಸಲ ಒತ್ತಿ. ಕೊನೆಯ ಪದದ ಅಕ್ಷರಗಳು ಡಬ್ಲ್ಯೂ, ಇ, ಬಿ, ಇ, ಎಕ್ಸ್, ಟಿ, ಆಮೇಲೊಂದು ಅಡ್ಡಗೆರೆ. ಆ ಹೆಸರಿನಿಂದ ಶುರುವಾಗುವ ಪ್ಯಾಕೇಜ್‌ಗಳೆಲ್ಲ ಸಾಲಾಗಿ ಬರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಿ. ಉದಾಹರಣೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್:

ಸುಡೊ ಆಪ್ಟ್ ಇನ್‌ಸ್ಟಾಲ್ ವೆಬ್‌ಎಕ್ಸ್ಟ್-ಯುಬ್ಲಾಕ್-ಒರಿಜಿನ್-ಫೈರ್‌ಫಾಕ್ಸ್

ಕೊನೆಯ 'ಫೈರ್‌ಫಾಕ್ಸ್' ಬಿಡಬೇಡಿ. ಕ್ರೋಮಿಯಂ ಎಂಬ ಇನ್ನೊಂದು ಬ್ರೌಸರ್‌ಗೆಂದೇ ಬೇರೆ ಪ್ಯಾಕೇಜ್ ಇದೆ, ಆದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ: ಯುಬ್ಲಾಕ್ ಒರಿಜಿನ್ ನಿಂತಿರುವುದು ಮ್ಯಾನಿಫೆಸ್ಟ್ ವಿ2 ಎಂಬ ಹಳೆಯ ಎಕ್ಸ್‌ಟೆನ್ಶನ್ ವಿಧಾನದ ಮೇಲೆ, ಆ ಬೆಂಬಲವನ್ನು ಗೂಗಲ್ 2025ರಲ್ಲಿ ತೆಗೆದುಹಾಕಿತು. 'ಲಾಕ್ ಸಿಗಲಿಲ್ಲ' ಎಂಬ ದೋಷ ಬಂದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ಓಡುತ್ತಿದೆ ಎಂದರ್ಥ. ಐದು ನಿಮಿಷ ಕಾಯಿರಿ. ಲಾಕ್ ಫೈಲ್ ಅಳಿಸುವ ಸಲಹೆ ಎಲ್ಲಿ ಸಿಕ್ಕರೂ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಫೈರ್‌ಫಾಕ್ಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಎಕ್ಸ್‌ಟೆನ್ಶನ್‌ಗಳ ಪುಟ ಬರುತ್ತದೆ. ಯುಬ್ಲಾಕ್ ಅಲ್ಲಿದ್ದು, ಅದರ ಮೂರು ಚುಕ್ಕೆಯ ಮೆನುವಿನಲ್ಲಿ ತೆಗೆದುಹಾಕುವ ಆಯ್ಕೆ ಕೆಲಸ ಮಾಡದಿದ್ದರೆ ಅದು ಪ್ಯಾಕೇಜ್‌ನಿಂದ ಬಂದದ್ದೇ. ಸ್ವಿಚ್ ಆಫ್ ಆಗಿದ್ದರೆ ಆನ್ ಮಾಡಿ.

ತೆಗೆದುಹಾಕುವ ಆಯ್ಕೆ ಕೆಲಸ ಮಾಡುತ್ತಿದೆಯೇ? ಹಾಗಾದರೆ ಆ ಬಳಕೆದಾರರು ಮೊದಲೇ ಮೊಜಿಲ್ಲಾ ತಾಣದಿಂದ ಅದನ್ನು ಹಾಕಿಕೊಂಡಿದ್ದಾರೆ. ಒಂದೇ ಎಕ್ಸ್‌ಟೆನ್ಶನ್ ಎರಡೂ ಕಡೆ ಇದ್ದಾಗ ಪ್ರೊಫೈಲ್‌ನಲ್ಲಿರುವುದಕ್ಕೇ (ಆ ಬಳಕೆದಾರರ ಸ್ವಂತ ಫೈರ್‌ಫಾಕ್ಸ್ ಫೋಲ್ಡರ್‌ನಲ್ಲಿರುವುದಕ್ಕೇ) ಮೊದಲ ಮಣೆ. ಪ್ಯಾಕೇಜ್‌ನದು ಹಿಂದೆ ಅಡಗಿ ಕೂರುತ್ತದೆ. ಪ್ರೊಫೈಲ್‌ನದನ್ನು ತೆಗೆದು ಬ್ರೌಸರ್ ಮತ್ತೆ ತೆರೆದರೆ ಸರಿಹೋಗುತ್ತದೆ. ತೆಗೆಯುವ ಮುನ್ನ ಯುಬ್ಲಾಕ್‌ನ ಸೆಟ್ಟಿಂಗ್ಸ್‌ನಿಂದ ಬ್ಯಾಕಪ್ ಫೈಲ್ ಉಳಿಸಿಕೊಳ್ಳಿ, ಇಲ್ಲವಾದರೆ ಸ್ವಂತ ಫಿಲ್ಟರ್‌ಗಳು ಹೋಗುತ್ತವೆ.

ಹಳೆಯ ಟಿಪ್ಪಣಿಗಳಲ್ಲಿ 'ಕ್ಸುಲ್-ಎಕ್ಸ್ಟ್' ಎಂದು ಶುರುವಾಗುವ ಪ್ಯಾಕೇಜ್ ಹೆಸರು ಕಂಡರೆ ಬಿಟ್ಟುಬಿಡಿ. ಆ ಬಗೆಯ ಎಕ್ಸ್‌ಟೆನ್ಶನ್‌ಗಳು 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57ರೊಂದಿಗೇ ಮುಗಿದವು. ಫ್ಲ್ಯಾಶ್ ಮತ್ತು ಜಾವಾ ಪ್ಲಗಿನ್‌ಗಳ ಕಥೆಯೂ ಅಷ್ಟೇ: ಜಾವಾ ಫೈರ್‌ಫಾಕ್ಸ್ 52ರಲ್ಲಿ ಹೋಯಿತು, ಫ್ಲ್ಯಾಶ್ 85ರಲ್ಲಿ.

ಫೈರ್‌ಫಾಕ್ಸ್‌ನ ಮೆನುಗಳು ಕನ್ನಡದಲ್ಲಿ ಬೇಕಿದ್ದರೆ ಅದಕ್ಕೂ ಪ್ಯಾಕೇಜ್ ಇದೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್-ಇಎಸ್ಆರ್-ಎಲ್10ಎನ್-ಕೆಎನ್

ಬ್ರೌಸರ್ ಮತ್ತೆ ತೆರೆದು ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಕನ್ನಡ ಆರಿಸಿ. ಭಾಷಾ ಪ್ಯಾಕ್‌ನ ಆವೃತ್ತಿ ಫೈರ್‌ಫಾಕ್ಸ್‌ನದಕ್ಕೆ ಹೊಂದಬೇಕು. ಎರಡೂ ಆಪ್ಟ್‌ನಿಂದ ಬಂದಿದ್ದರೆ ಅಪ್‌ಗ್ರೇಡ್ ಆಗುವಾಗ ಜೊತೆಯಾಗಿಯೇ ಏರುತ್ತವೆ.

ಕೆಲವು ಪ್ಯಾಕೇಜ್‌ಗಳು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ. ಕೆಡಿಇ ಡೆಸ್ಕ್‌ಟಾಪ್‌ನ 'ಪ್ಲಾಸ್ಮಾ-ಬ್ರೌಸರ್-ಇಂಟಿಗ್ರೇಶನ್', ಗ್ನೋಮ್ ಡೆಸ್ಕ್‌ಟಾಪ್‌ನ 'ಗ್ನೋಮ್-ಬ್ರೌಸರ್-ಕನೆಕ್ಟರ್' ಇಂಥವು. ಇವು ಹಾಕುವುದು ಡೆಸ್ಕ್‌ಟಾಪ್ ಕಡೆಯ ಸಂಪರ್ಕ ಪ್ರೋಗ್ರಾಮನ್ನು. ಬ್ರೌಸರ್ ಕಡೆಯ ಎಕ್ಸ್‌ಟೆನ್ಶನ್ ಅನ್ನು ಮೊಜಿಲ್ಲಾ ತಾಣದಿಂದಲೇ ತರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಏನೂ ನಡೆಯುವುದಿಲ್ಲ.

ಪ್ಯಾಕೇಜ್‌ನಿಂದ ಬಂದ ಎಕ್ಸ್‌ಟೆನ್ಶನ್ ತಾನಾಗಿ ಮೊಜಿಲ್ಲಾ ತಾಣದಿಂದ ಅಪ್‌ಡೇಟ್ ಆಗುವುದಿಲ್ಲ, 'ಆಪ್ಟ್ ಅಪ್‌ಗ್ರೇಡ್' ಓಡಿಸಿದಾಗಲೇ ಆಗುವುದು. ಡೆಬಿಯನ್ ಸ್ಟೇಬಲ್‌ನಲ್ಲಂತೂ (ಸಾಮಾನ್ಯ ಬಳಕೆಗೆಂದು ಬಿಡುಗಡೆಯಾದ ಸ್ಥಿರ ಆವೃತ್ತಿ) ಆವೃತ್ತಿ ಸಾಮಾನ್ಯವಾಗಿ ಹಿಂದೆಯೇ ಇರುತ್ತದೆ. ಯುಬ್ಲಾಕ್‌ನಲ್ಲಿ ಇದು ದೊಡ್ಡ ತೊಂದರೆಯಲ್ಲ, ಫಿಲ್ಟರ್ ಪಟ್ಟಿಗಳನ್ನು ಅದು ನೆಟ್‌ನಿಂದ ತಾನೇ ತಾಜಾ ಮಾಡಿಕೊಳ್ಳುತ್ತದೆ. ಆದರೂ ಯಾವುದೋ ವೀಡಿಯೊ ತಾಣ ತನ್ನ ಜಾಹೀರಾತಿನ ವರಸೆ ಬದಲಿಸಿದಾಗ ಹಳೆಯ ಆವೃತ್ತಿ ಸೋಲಬಹುದು. ಅದು ಸಹಿಸದವರಿಗೆ ಮೊಜಿಲ್ಲಾ ತಾಣದ ಆವೃತ್ತಿಯೇ ವಾಸಿ.

ಬೇಡವಾದಾಗ 'ಸುಡೊ ಆಪ್ಟ್ ಪರ್ಜ್' ಎಂದು ಬರೆದು ಪ್ಯಾಕೇಜ್ ಹೆಸರು ಕೊಡಿ. ಪರ್ಜ್ ಅಳಿಸುವುದು ಸಿಸ್ಟಮ್‌ನ ಫೈಲ್‌ಗಳನ್ನು ಮಾತ್ರ, ಬಳಕೆದಾರರ ಹೋಮ್ ಫೋಲ್ಡರ್‌ಗಳಲ್ಲಿರುವ ಪ್ರೊಫೈಲ್‌ಗಳಿಗೆ ಅದು ಕೈ ಹಾಕುವುದಿಲ್ಲ. ಫೈರ್‌ಫಾಕ್ಸ್ ಓಡುತ್ತಿದ್ದರೆ ಅದನ್ನು ಮುಚ್ಚಿ ಮತ್ತೆ ತೆರೆದ ಮೇಲಷ್ಟೇ ಎಕ್ಸ್‌ಟೆನ್ಶನ್ ಪಟ್ಟಿಯಿಂದ ಹೋಗುತ್ತದೆ.