ವಿಜಯಪುರದ ಕೋಟೆಯನ್ನು ಮುತ್ತಿಗೆ ಹಾಕಿದವರ ಕಡೆಯಿಂದ ನೋಡಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದಲ್ಲಿ ಕೂಗಿ, ಆಟೋ ಹತ್ತಿ, ಮಲಿಕ್-ಎ-ಮೈದಾನ್ ತೋಪಿನ ಪಕ್ಕ ಒಂದು ಫೋಟೊ ತೆಗೆಸಿಕೊಂಡರೆ ಅಲ್ಲಿಗೆ ಊರು ಮುಗೀತು. ಆದರೆ 1685ರ ಏಪ್ರಿಲ್‌ನಿಂದ 1686ರ ಸೆಪ್ಟೆಂಬರ್‌ವರೆಗೆ ಮೊಘಲರ ಸೈನ್ಯ ಆದಿಲ್‌ಶಾಹಿ ಸುಲ್ತಾನರ ರಾಜಧಾನಿಯನ್ನು ಮುತ್ತಿ ಬೀಡು ಬಿಟ್ಟಿದ್ದು ಇದೇ ಊರಿನ ಗೋಡೆಯ ಹೊರಗೆ. ಆ ಜಾಗವನ್ನು ಇವತ್ತಿಗೂ ನಡೆದು ನೋಡಬಹುದು. ಅರ್ಧ ದಿನ ಸಾಕು.

ನವೆಂಬರ್‌ನಿಂದ ಫೆಬ್ರುವರಿ ಒಳಗೆ ಬನ್ನಿ, ಬೆಳಿಗ್ಗೆ ಬೇಗ ಶುರು ಮಾಡಿ. ಬೇಸಿಗೆಯಲ್ಲಿ ಇಲ್ಲಿನ ಕಲ್ಲು ಕಾದ ಹೆಂಚಿನಂತಿರುತ್ತದೆ. ಚಪ್ಪಲಿ ಬೇಡ, ಗೋಡೆಯ ಬುಡದಲ್ಲಿ ಜಾಲಿಮುಳ್ಳು ಜಾಸ್ತಿ. ನೀರು, ಟೋಪಿ ಇರಲಿ. ಗೋಡೆಯ ಸುತ್ತಳತೆ ಸುಮಾರು 10 ಕಿ.ಮೀ., ಕೆಲವು ಕಡೆ ಮನೆಗಳು ಅಂಟಿಕೊಂಡಿವೆ, ಪೂರ್ತಿ ಸುತ್ತುವ ಹಟ ಬೇಡ. ದಕ್ಷಿಣದಿಂದ ಪಶ್ಚಿಮಕ್ಕೆ ನಡೆದರೆ ಸಾಕು.

ಮೊದಲು ಮನಗೂಳಿ ಅಗಸಿಗೆ ಹೋಗಿ. ಗೆದ್ದ ಔರಂಗಜೇಬ ಒಳಗೆ ಬಂದಿದ್ದು ಈ ಬಾಗಿಲಿನಿಂದ, ಅದಕ್ಕೇ ಇದಕ್ಕೆ ಫತೇ ದರ್ವಾಜಾ (ಗೆಲುವಿನ ಬಾಗಿಲು) ಅಂತಲೂ ಹೆಸರು. ಗೋಡೆ ಹತ್ತಲು ಅವಸರ ಮಾಡಬೇಡಿ. ಸುಮ್ನೆ ಹೊರಗೆ ನಿಂತು ನೋಡಿ. ಎದುರಿಗೆ 40-50 ಅಡಿ ಅಗಲದ ಕಂದಕ (ಕೆಲವು ಕಡೆ ಹೂತುಹೋಗಿದೆ, ಊಹಿಸಿಕೊಳ್ಳಬೇಕು), ಅದರಾಚೆ ಎತ್ತರದ ಗೋಡೆ, ಗೋಡೆಯಿಂದ ಮುಂದಕ್ಕೆ ಉಬ್ಬಿ ನಿಂತ ಬುರುಜು. ಇಂಥ ಬುರುಜುಗಳು ಒಟ್ಟು 96. ನೀವು ಯಾವ ಬುರುಜಿನ ಕಡೆ ಓಡಿದರೂ ಪಕ್ಕದ ಬುರುಜಿನಿಂದ ಗುಂಡು ಬೀಳುತ್ತದೆ, ಅಲ್ವಾ? ಅಂಥದರಲ್ಲಿ ಮೊದಲು ಕಂದಕಕ್ಕೆ ಮಣ್ಣು ತುಂಬಬೇಕು, ಆಮೇಲೆ ತಾನೇ ಗೋಡೆ. ಮುತ್ತಿಗೆ ಯಾಕೆ ಅಷ್ಟು ತಿಂಗಳು ಎಳೆಯಿತು ಅನ್ನುವುದು ಇಲ್ಲಿ ನಿಂತರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊಘಲರ ಬೀಡಿನಲ್ಲೇ ಕಾಳಿಗೆ ಬರ ಬಂದಿತ್ತು. ಕೊನೆಗೆ 1686ರ ಜುಲೈನಲ್ಲಿ ಔರಂಗಜೇಬ ತಾನೇ ಬರಬೇಕಾಯಿತು.

ಮುಂದಿನದು ಇದೇ ದಕ್ಷಿಣ ಗೋಡೆಯ ಮೇಲಿರುವ ಲಂಡಾ ಕಸಾಬ್ ತೋಪು. ಉದ್ದ 21 ಅಡಿಗಿಂತ ಹೆಚ್ಚು. ನನ್ನನ್ನು ಕೇಳಿದರೆ ಮಲಿಕ್-ಎ-ಮೈದಾನ್‌ಗಿಂತ ಮೊದಲು ಇದನ್ನೇ ನೋಡಬೇಕು. ತೋಪಿಗಿಂತ ಅದರ ಸುತ್ತಲಿನ ಕೈಪಿಡಿಗೋಡೆಯನ್ನು ಗಮನಿಸಿ. ಗುಂಡು ಬಡಿದು ಕಿತ್ತುಹೋದ ಜಾಗಗಳಿವೆ. ಮೊಘಲರ ತೋಪುಗಳು ಇದೇ ಬುರುಜಿಗೆ ಗುರಿಯಿಟ್ಟಿದ್ದಿರಬೇಕು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಈ ಗುರುತುಗಳು ಚೆನ್ನಾಗಿ ಕಾಣುತ್ತವೆ.

ಅಲ್ಲಿಂದ ಗೋಡೆಗುಂಟ ಪಶ್ಚಿಮಕ್ಕೆ ನಡೆಯಿರಿ. ಕಲ್ಲಿನ ಕೆಲಸ ಒಂದೇ ತೆರನಾಗಿಲ್ಲ. ಒಂದು ಕಡೆ ನೀಟು, ಇನ್ನೊಂದು ಕಡೆ ಹೇಗೋ ಮುಗಿಸಿದ ಹಾಗೆ. ಒಂದನೇ ಅಲಿ ಆದಿಲ್‌ಶಾಹ ಒಬ್ಬೊಬ್ಬ ಸರದಾರನಿಗೆ ಒಂದೊಂದು ಪಾಲು ವಹಿಸಿ 1565ರ ಹೊತ್ತಿಗೆ ಇದನ್ನು ಕಟ್ಟಿಸಿದ. ಗುತ್ತಿಗೆ ಕೆಲಸ ಆಗಲೂ ಹಾಗೇ ಇತ್ತು!

ಈಗ ಶೇರ್ಜಾ ಬುರುಜು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಇರುವುದು ಇಲ್ಲೇ, ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಬಗ್ಗಿ ನೋಡಿ, ಸಿಂಹದ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಮೈಮೇಲಿನ ಬರಹಗಳಲ್ಲಿ ಒಂದು ಔರಂಗಜೇಬ ಗೆದ್ದ ಮೇಲೆ ಕೆತ್ತಿಸಿದ್ದು. ಮೇಲೆ ಹತ್ತಿ ಕೂರಬೇಡಿ, ಇದು ಸಂರಕ್ಷಿತ ಸ್ಮಾರಕ.

ಹತ್ತಿರದ ಉಪ್ಲಿ ಬುರುಜನ್ನು ಕೊನೆಗೆ ಹತ್ತಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಮೈಯನ್ನು ಸುತ್ತಿಕೊಂಡು ಹೋಗುತ್ತದೆ, ಕೈಯಲ್ಲಿ ಮೊಬೈಲ್ ಹಿಡಿದುಕೊಂಡು ಹತ್ತಬೇಡಿ. ಮೇಲೆ ಸುಮಾರು 30 ಅಡಿ ಉದ್ದದ ತೋಪಿದೆ. ಅಷ್ಟು ಹೊತ್ತು ಕೆಳಗಿನಿಂದ ತುಂಡುತುಂಡಾಗಿ ನೋಡಿದ ಕೋಟೆಯ ಸಾಲು ಇಲ್ಲಿಂದ ಒಟ್ಟಿಗೆ ಸಿಗುತ್ತದೆ.

ಕಾಲಲ್ಲಿ ಇನ್ನೂ ಕಸುವಿದ್ದರೆ ಮಕ್ಕಾ ಬಾಗಿಲಿನ ಒಳಗಿನ ತಾಜ್ ಬಾವಡಿ ಎಂಬ ದೊಡ್ಡ ಬಾವಿಗೂ ಹೋಗಿ ಬನ್ನಿ. ಗೋಡೆಯ ಒಳಗಿದ್ದವರು ಅಷ್ಟು ದಿನ ತಾಳಿಕೊಳ್ಳಲು ತೋಪಿನ ಜೊತೆ ನೀರೂ ಬೇಕಿತ್ತಲ್ಲ. ವಾಪಸ್ ಬರುವಾಗ ಆಟೋ ಹತ್ತಿದರೂ ಪರವಾಗಿಲ್ಲ, ದರ ಮಾತ್ರ ಮೊದಲೇ ಮಾತಾಡಿಕೊಳ್ಳಿ.