ಸೈನ್ಸ್ ಟೆಸ್ಟ್ ಭಯ ಅಡುಗೆಮನೇಲಿ ಹೋಯ್ತು

ಮಗಳು ಏಳನೇ ಕ್ಲಾಸು, ಸೈನ್ಸ್ ಟೆಸ್ಟಲ್ಲಿ 20ಕ್ಕೆ 8 ಬಂದಿತ್ತು. ಪ್ರಶ್ನೋತ್ತರ ಎಲ್ಲಾ ಬಾಯಿಪಾಠ ಇತ್ತು ಪಾಪ, ಆದ್ರೆ ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ಪೆನ್ನು ನಿಂತೋಗ್ತಿತ್ತು. ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಎರಡೂ ಅದಲುಬದಲು.

ಪುಸ್ತಕ ಮುಚ್ಚಿಸಿ ಅಡುಗೆಮನೆಗೆ ಕರ್ಕೊಂಡು ಹೋದೆ. ಉಪ್ಪುನೀರು ಕುದಿಸಿ ಕುದಿಸಿ ನೀರೆಲ್ಲಾ ಆರಿದ್ಮೇಲೆ ಪಾತ್ರೆ ತಳದಲ್ಲಿ ಬೆಳ್ಳಗೆ ಉಪ್ಪು ವಾಪಸ್ ಸಿಕ್ತು, ರಾತ್ರಿ ಹಾಲಿಗೆ ಹೆಪ್ಪು ಹಾಕಿದ್ವಿ, ಬೆಳಗ್ಗೆ ಮೊಸರು ನೋಡಿ "ಇದು ಮತ್ತೆ ಹಾಲಾಗಲ್ಲ ಅಲ್ವಾಮ್ಮಾ" ಅಂದ್ಲು. ಆದ್ರೆ ವಾಪಸ್ ಬರುತ್ತಾ ಅಂತ ಮಾತ್ರ ನೋಡಿದ್ರೆ ಸಾಲದು, ಹರಿದ ಪೇಪರ್ ಮತ್ತೆ ಕೂಡಲ್ಲ, ಆದ್ರೂ ಅದು ಪೇಪರೇ. ಹೊಸ ವಸ್ತು ಹುಟ್ಟಿತಾ ಅನ್ನೋದೇ ಮುಖ್ಯ, ಹುಟ್ಟಿದ್ರೆ ರಾಸಾಯನಿಕ, ಇಲ್ಲಾಂದ್ರೆ ಭೌತ, ಇದನ್ನ ಸುಟ್ಟ ಪೇಪರ್ ಬೂದಿ ತೋರಿಸಿ ಹೇಳ್ದೆ.

ಸಸ್ಯಗಳ ಪಾಠಕ್ಕೆ ಗಾಯಕ್ಕೆ ಹಚ್ಚೋ ಅಯೋಡಿನ್ ದ್ರಾವಣ ಸಾಕಾಯ್ತು. ಆಲೂಗಡ್ಡೆ ಹೋಳಿನ ಮೇಲೆ 2 ಹನಿ ಬಿಟ್ಟಿದ್ದೇ ಕಂದು ಬಣ್ಣ ಹೋಗಿ ಕಡುನೀಲಿ ಕಪ್ಪಾಯ್ತು, ಸೌತೆಕಾಯಿ ಮೇಲೆ ಕಂದಾಗೇ ಉಳೀತು. ಪಿಷ್ಟ ಅಂದ್ರೆ ಸ್ಟಾರ್ಚ್ ಇದ್ರೆ ಅಯೋಡಿನ್ ಹೀಗೆ ಬಣ್ಣ ಬದಲಿಸುತ್ತೆ. ಎಲೆ ಬಿಸಿಲಲ್ಲಿ ಮಾಡಿದ ಆಹಾರಾನೇ ಗೆಡ್ಡೇಲಿ ಪಿಷ್ಟವಾಗಿ ಕೂತಿರೋದು ಅಂದಾಗ ಅವಳ ಕಣ್ಣು ಅರಳಿದ್ದು ನಾನು ಮರೆಯಲ್ಲ.

ಈ ಸಲ 17 ಬಂತು, ಪಿಷ್ಟದ ಪ್ರಶ್ನೆಗೆ ಆಲೂಗಡ್ಡೆ ಚಿತ್ರಾನೂ ಬರೆದಿದ್ಲು.