ಈ ಜಿಲೇಬಿ ಆ ಜಿಲೇಬಿಯಲ್ಲ

ಅಮೆರಿಕದ ಒಹಾಯೊಗೆ ಬಂದ ಮೊದಲ ಬೇಸಿಗೆಯಲ್ಲಿ ಗಾಳಕ್ಕೆ ಬಿದ್ದ ಮೀನಿಗೆಲ್ಲ ಒಂದೇ ಹೆಸರಿಟ್ಟಿದ್ದೆ, ಜಿಲೇಬಿ ಅಂತ. ಅಂಗೈ ಅಗಲ, ಚಪ್ಪಟೆ ಮೈ, ಬೆನ್ನ ಮೇಲೆ ಮುಳ್ಳು. ಥೇಟ್ ನಮ್ಮೂರ ಕೆರೆಯ ಜಿಲೇಬಿ ಮೀನು. ಪಕ್ಕದಲ್ಲಿ ಕೂತಿದ್ದ ಅಜ್ಜ ನನ್ನ ಬಕೆಟ್ಟಿಗೆ ಇಣುಕಿ, "ಇದು ಬ್ಲೂಗಿಲ್, ಅದು ಗ್ರೀನ್ ಸನ್‌ಫಿಶ್, ಮೂರನೆಯದು ಅವೆರಡರ ಮಿಶ್ರ ತಳಿ" ಅಂದರು. ನನಗೆ ಮೂರೂ ಒಂದೇ ಥರ ಕಂಡವು.

ಬಣ್ಣ ನೋಡಿ ಕಲಿಯಲು ಹೋಗಿ ಮೊದಲ ವರ್ಷ ಪೂರ್ತಿ ಹಾಳಾಯಿತು. ಮೊಟ್ಟೆ ಇಡುವ ಕಾಲದಲ್ಲಿ ಗಂಡು ಬ್ಲೂಗಿಲ್‌ನ ಎದೆ ತಾಮ್ರದಂತೆ ಕೆಂಪಗಾಗುತ್ತದೆ. ಅದೇ ಜಾತಿಯ ಮೀನು ಕದಡಿದ ನೀರಲ್ಲಿ ಬೆಳೆದರೆ ಪೇಲವ. ಬಿಳಿ ಬಕೆಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರಂತೂ ಇದ್ದ ಬಣ್ಣವೂ ಇಳಿಯುತ್ತದೆ.

ಈಗ ನಾನು ಮೊದಲು ನೋಡುವುದು ಬಾಯಿ. ಬ್ಲೂಗಿಲ್‌ನದು ಚಿಕ್ಕ ಬಾಯಿ, ಮೇಲ್ದವಡೆ ಕಣ್ಣಿನವರೆಗೆ ಬರುವುದಿಲ್ಲ. ಗ್ರೀನ್ ಸನ್‌ಫಿಶ್‌ದು ದೊಡ್ಡ ಬಾಯಿ, ದವಡೆ ಕಣ್ಣಿನ ಕೆಳಗೆ ಹೋಗುತ್ತದೆ. ಆಮೇಲೆ ಕೈ ಒದ್ದೆ ಮಾಡಿಕೊಂಡು ಎದೆಯ ರೆಕ್ಕೆಯನ್ನು ಮೆಲ್ಲಗೆ ಮುಂದಕ್ಕೆ ಮಡಚುತ್ತೇನೆ. ಬ್ಲೂಗಿಲ್‌ದು ಉದ್ದ, ಚೂಪು. ತುದಿ ಕಣ್ಣನ್ನು ದಾಟುತ್ತದೆ. ಗ್ರೀನ್‌ನದು ಗಿಡ್ಡ, ದುಂಡಗೆ. ಇವೆರಡಕ್ಕೂ 1819ರಲ್ಲಿ ವೈಜ್ಞಾನಿಕ ಹೆಸರಿಟ್ಟವನು ರಫಿನೆಸ್ಕ್ ಎಂಬ ನಿಸರ್ಗ ವಿಜ್ಞಾನಿ. ಬ್ಲೂಗಿಲ್‌ಗೆ ಅವನು ಕೊಟ್ಟ 'ಮ್ಯಾಕ್ರೊಕೈರಸ್' ಅನ್ನುವ ಹೆಸರಿಗೆ ದೊಡ್ಡ ಕೈ ಎಂದರ್ಥ. ಅವನ ಮನಸ್ಸಲ್ಲಿ ಏನಿತ್ತೋ, ನನಗಂತೂ ಆ ಉದ್ದ ರೆಕ್ಕೆ ನೆನಪಿಡಲು ಅಷ್ಟು ಸಾಕು.

ಮೂರನೆಯದು 'ಕಿವಿ'. ಕಿವಿರಿನ ಮುಚ್ಚಳದ ತುದಿಯಲ್ಲಿರುವ ಕಪ್ಪು ಹಾಳೆಗೆ ಇಲ್ಲಿಯವರು ಹಾಗನ್ನುತ್ತಾರೆ. ನಮ್ಮ ಭಾಷೆಯಲ್ಲೂ ಕಿವಿ, ಕಿವಿರು ಅಕ್ಕಪಕ್ಕವೇ ಅಲ್ವಾ? ಬ್ಲೂಗಿಲ್‌ನ ಕಿವಿ ಅಂಚಿನವರೆಗೂ ಕಪ್ಪು. ಗ್ರೀನ್‌ಗೆ ತೆಳು ಬಣ್ಣದ ಅಂಚು. ಇವುಗಳ ಬಳಗದ್ದೇ ಆದ ಪಂಪ್ಕಿನ್‌ಸೀಡ್ ಮೀನಿಗೆ ಕಿವಿಯ ತುದಿಯಲ್ಲಿ ಕೆಂಪು ಚುಕ್ಕೆ, ಕೆನ್ನೆಯ ಮೇಲೆ ನೀಲಿ ಗೆರೆಗಳು. ಅದೇ ಬಳಗದ, ಬಸವನಹುಳು ತಿನ್ನುವ ರೆಡ್‌ಇಯರ್‌ಗೂ ಕಿವಿಗೆ ಕೆಂಪು ಅಂಚಿದೆ, ಆದರೆ ಕೆನ್ನೆಯ ಗೆರೆಗಳಿಲ್ಲ.

ಮಿಶ್ರ ತಳಿಯ ಅನುಮಾನ ಬರುವುದು ಈ ಗುರುತುಗಳು ಒಂದಕ್ಕೊಂದು ಜಗಳ ಆಡಿದಾಗ. ಒಮ್ಮೆ ಸಿಕ್ಕ ಮೀನಿನ ಮೈಮೇಲೆ ಬ್ಲೂಗಿಲ್‌ನ ಅಡ್ಡಪಟ್ಟೆ ಮಸುಕಾಗಿತ್ತು. ಕೆನ್ನೆಯಲ್ಲಿ ಗ್ರೀನ್‌ನ ನೀಲಿ ಗೆರೆ, ರೆಕ್ಕೆಗಳಿಗೆ ಹಳದಿ ಅಂಚು. ಬಾಯಿ ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ. ದವಡೆ ಸರಿಯಾಗಿ ಕಣ್ಣಿನ ಮುಂದಿನ ಅಂಚಿಗೆ ಬಂದು ನಿಂತಿತ್ತು. ಒಂದು ಗುರುತು ತಪ್ಪಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ತಪ್ಪಿದರೆ ಪುಸ್ತಕದಲ್ಲಿ ಬರೆದಿಡುತ್ತೇನೆ.

ಇವು ಬೆರೆಯುವುದರಲ್ಲಿ ಆಶ್ಚರ್ಯವೂ ಇಲ್ಲ. ಗಂಡುಗಳು ಆಳವಿಲ್ಲದ ನೀರಲ್ಲಿ ತಟ್ಟೆಯಂಥ ಗೂಡು ತೋಡುತ್ತವೆ. ಬೇರೆ ಬೇರೆ ಜಾತಿಯ ಗೂಡುಗಳು ಅಕ್ಕಪಕ್ಕ ಇರುವುದೂ ಉಂಟು. ಮೊಟ್ಟೆ ಫಲಿಸುವುದು ಮೈಯ ಹೊರಗೆ, ನೀರಲ್ಲಿ. ಬೇರೆ ಗಂಡಿನ ಗೂಡಿಗೆ ಕದ್ದು ನುಗ್ಗುವ ಪುಟ್ಟ ಗಂಡುಗಳ ಕಾಟ ಬೇರೆ. ನೀರು ಕದಡಿದ್ದರೆ, ಇಲ್ಲವೇ ಒಂದು ಜಾತಿ ತೀರಾ ಕಡಿಮೆಯಿದ್ದರೆ ಎಡವಟ್ಟು ಜಾಸ್ತಿ.

ಜನ ಬೇಕಂತಲೇ ಬೆರೆಸುವುದೂ ಇದೆ. ಗಂಡು ಬ್ಲೂಗಿಲ್, ಹೆಣ್ಣು ಗ್ರೀನ್ ಸೇರಿಸಿದರೆ ಮರಿಗಳಲ್ಲಿ ಬಹುಪಾಲು ಗಂಡೇ ಆಗುತ್ತವೆ. ಮರಿಗಳ ಕಾಟ ಕಡಿಮೆ ಅಂತ ಹೊಂಡಕ್ಕೆ ಬಿಡಲು ಇವನ್ನು ಮಾರುತ್ತಾರೆ. ನನ್ನ ಗೆಳೆಯನೊಬ್ಬನಿಗೆ ಮಾರಿದವರು "ಇವು ಮರಿ ಹಾಕಲ್ಲ" ಅಂದಿದ್ದರಂತೆ. ಅದು ಸುಳ್ಳು. ಇರುವ ಕೆಲವು ಹೆಣ್ಣೇ ಸಾಕಾಯಿತು. ಕೆಲವೇ ವರ್ಷದಲ್ಲಿ ಅವನ ಹೊಂಡದ ತುಂಬ ಗ್ರೀನ್‌ನ ಕಡೆಗೆ ವಾಲಿದ ದೊಡ್ಡ ಬಾಯಿಯ ಸಣ್ಣ ಮೀನುಗಳು.

ಅಂಥ ಎರಡನೇ, ಮೂರನೇ ತಲೆಮಾರಿನ ಮೀನನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಡಿಎನ್‌ಎ ಪರೀಕ್ಷೆಯೇ ಆಗಬೇಕು. ಬೆರಳುದ್ದದ ಮರಿಗಳೂ ಅಷ್ಟೇ, ಕಿವಿಯೇ ಸರಿಯಾಗಿ ಬಲಿತಿರುವುದಿಲ್ಲ. ಅವುಗಳ ಮುಂದೆ ಸುಮ್ನೆ ಪ್ರಶ್ನೆ ಚಿಹ್ನೆ ಹಾಕುತ್ತೇನೆ. ಬಾಯಿ ಮುಚ್ಚಿಸಿ, ಎದೆಯ ರೆಕ್ಕೆ ಬಿಡಿಸಿ, ಪಕ್ಕದಿಂದ ಒಂದು ಫೋಟೊ ತೆಗೆದು ನೀರಿಗೆ ಬಿಡುತ್ತೇನೆ. ಅಜ್ಜ ಸಿಕ್ಕಾಗ ತೋರಿಸುತ್ತೇನೆ. ಕೆಲವು ಫೋಟೊ ನೋಡಿ ಅವರೂ ತಲೆ ಕೆರೆದುಕೊಳ್ಳುತ್ತಾರೆ.